ನೀಲವ್ವನ ಆಷಾಢ

ಗಿಣಿಗೇರಾದಾಗ ಯಾರನ್ನರ ಕೇಳ್ರಿ, "ರೊಟ್ಟಿ ಪಂಪಕ್ಕನ ಮನೀನಾ? ಬಾಗಲಾ ಹಾಕಿದ್ದ ಕಂಡಿಲ್ಲ ಬಿಡ್ರಿ" ಅಂತಿದ್ರು. ಖರೇನ. ಫ್ಯಾಕ್ಟರಿ ಪಾಳಿ ಮುಗಿಸಿ ಬರೋರು ಸೀದಾ ಒಲಿತನಕ ಹೋಗಿ, ಖಡಕ್ ರೊಟ್ಟಿ ಕಟ್ಟಿಸ್ಕೊಂಡು, ನಾಕು ಮಾತಾಡಿ ಹೋಗೋರು. ಗಂಡ ತೀರಿಕೊಂಡಾನ, ಮಕ್ಕಳಿಲ್ಲ. ಪಂಪಾವತಿ ಅಕ್ಕಗ ಆ ಮಾತೇ ಸಂಸಾರ. ನಾನು ಲಲಿತಾ, ಬಾಜೂ ಮನಿಯಾಕಿ. ಆ ಗದ್ದಲ ನನಗ ತಲಿನೋವು, ಆಕಿಗೆ ಹಬ್ಬ.

ಆಕಿ ಸಾಕಿದ ಬೂದಿಬಣ್ಣದ ಬೆಕ್ಕು ನೀಲವ್ವ. ಹ್ವಾದ ಸಲ ಈಯೋ ಮುಂದ ಮರಿ ಅಡ್ಡ ಸಿಕ್ಕು ಸಾಯೂ ಹಂಗಾತು. ಕೊಪ್ಪಳದ ದನದ ದವಾಖಾನಿಗೆ ಒಯ್ದ್ವಿ, ಹೆಂಗೋ ಉಳೀತು. "ಇನ್ನೊಮ್ಮೆ ಗಬ್ಬಾದ್ರ ಉಳಿಯೂದು ಕಠಿಣ ಐತ್ರಿ" ಅಂದ್ರು ಡಾಕ್ಟರು.

"ಹಂಗಾರ ಆಪರೇಷನ್ ಮಾಡಿಬಿಡ್ರಿ" ಅಂದೆ ನಾನು.

"ಇದರ ಎದಿ ಬಡಿತ ಸರಿ ಇಲ್ರಿ. ಮಂಪರು ಕೊಟ್ರ ಮತ್ತ ಏಳ್ತೈತಿ ಅಂತ ಹೇಳಾಕ ಬರಂಗಿಲ್ಲ."

"ಸೂಜಿ, ಗುಳಿಗಿ?" ಪಂಪಕ್ಕ ಕೇಳಿದ್ಲು.

"ಅದಾವು. ಆದ್ರ ಗರ್ಭಚೀಲದಾಗ ಕೀವು ತುಂಬಬಹುದು, ಮೊಲಿಯಾಗ ಗಂಟಾಗಬಹುದು. ಇದಕ್ಕ ನಾ ಕೊಡಂಗಿಲ್ಲ. ಬೆದಿಗೆ ಬಂದಾಗ ಗಂಡಬೆಕ್ಕು ಹತ್ರ ಸುಳೀದಂಗ ಒಳಗ ಇಟ್ಕೋರಿ, ಅಷ್ಟ."

ಪಂಪಕ್ಕ ಜ್ವಾಳದ ಚೀಲದಾಗ ಹಾಕ್ಕೊಂಡು ತಂದಿದ್ದ ನೀಲವ್ವನ ತಲಿ ಸವರಿ, "ಆಷಾಢದಾಗ ಹೊಸಾ ಸೊಸಿನ್ನ ತವರಿಗೆ ಕಳಿಸಿ ಗಂಡ ಹೆಂಡ್ತಿನ್ನ ದೂರ ಇಡ್ತೀವಲ್ಲ, ಹಂಗ ಅನ್ರಿ!" ಅಂದ್ಲು. ಡಾಕ್ಟರಿಗೆ ನಗಿ ತಡೀಲಿಲ್ಲ.

ಅಂದಿನಿಂದ ನೀಲವ್ವ ನೆಲದ ಮ್ಯಾಲ ಉಳ್ಳಾಡಿ ರಾಗಾ ತೆಗೆದ್ಲಂದ್ರ ಆ ಮನ್ಯಾಗ ಆಷಾಢ. ಬಾಗಲಕ್ಕ ಚಿಲಕ. ಕಿಡಕಿ ಒಂದ ರೆಕ್ಕಿ ತೆಗೆದು ರೊಟ್ಟಿ ಕೊಡೂದು, ಪಟ್ ಅಂತ ಹಾಕೂದು. ಹಿಂದಿನ ಮನಿ ಮದಾರಸಾಬರ ಗಂಡಬೆಕ್ಕು ಗ್ವಾಡಿ ಮ್ಯಾಲ ಕುಂತು ಹೊಯ್ಕೊಳ್ಳೂದು.

"ಮಾಘದಾಗ ಎಂಥಾ ಆಷಾಢನ ಯಕ್ಕಾ?" ಅಂತ ಕಾಡಿದೆ.

"ನಿನ್ನ ಪಂಚಾಂಗ ನಿನ್ನ ಕಡೀಕ ಇಟ್ಕೊ!" ಅಂತ ಝಾಡಿಸಿದ್ಲು. ಒಲಿ ಮುಂದಿನ ಮಾತು ನಿಂತು ಆಕಿ ಮಾರಿ ಸಣ್ಣಗಾಗಿತ್ತು, ಆದ್ರೂ ಚಿಲಕಾ ತೆಗೀಲಿಲ್ಲ. ಯಾರರ ಕೇಳಿದ್ರ, "ಮಗಳಿಗೆ ಆಷಾಢಾರಿ" ಅಂತ ಒಳಗಿಂದ ಕೂಗ್ತಿದ್ಲು. ಓಣ್ಯಾನ ಮಂದಿಗೆ ಗೊತ್ತಿತ್ತು, ನಗ್ತಿದ್ರು. ಅಳವಂಡಿಯಿಂದ ಹೊಸದಾಗಿ ಜ್ವಾಳಾ ತರೋ ಮಾರೆವ್ವಗ ಗೊತ್ತಿರಲಿಲ್ಲ. ಒಮ್ಮೆ ಕಿಡಕ್ಯಾಗ ಆ ಮಾತು ಕೇಳಿ, ಖರೇನ ಮಗಳು ತವರಿಗೆ ಬಂದಾಳ ಅಂದ್ಕೊಂಡು ಹೋದ್ಲು.

ಮುಂದಿನ ವಾರ ಮಾರೆವ್ವ ಜ್ವಾಳಾ ತಂದ್ಲು. ಚೀಲ ಒಳಗ ಬರಲಿ ಅಂತ ಪಂಪಕ್ಕ ಬಾಗಲಾ ತುಸು ಸರಿಸಿದ್ದ ತಡ, ಮಾರೆವ್ವ ಅದನ್ನ ಹಾರಹೊಡದು ತೆಗೆದು, "ಎಲ್ಲಿ ಅದಾಳವ್ವಾ ಮಗಳು?" ಅಂತ ಒದರಿದ್ಲು. ನೀಲವ್ವ ಬಾಣದಂಗ ಹಾರಿದ್ಲು. "ಅಯ್ಯಯ್ಯೋ, ಸಾಯ್ತಾಳ ನನ್ನ ಕೂಸು!" ಅಂತ ಪಂಪಕ್ಕ ಸೆರಗ ಒಡ್ಡಿ ಹೊಸ್ತಿಲದ ಮ್ಯಾಲ ಬಿದ್ಲು. ಬೆಕ್ಕು ಸೆರಗಿನ್ಯಾಗ! ನಾನು ಓಡಿಬಂದು ಬಾಗಲಾ ಹಾಕಿದೆ.

ಮಾರೆವ್ವನ ಕೈಯಾಗ ಕುಬಸದ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲ. "ತವರಿಗೆ ಬಂದ ಮಗಳಿಗೆ ಉಡಿ ತುಂಬಾಕ ತಂದೇನಿ. ಎಲ್ಲಿ?"

ಪಂಪಕ್ಕ ಸೆರಗ ತುಸು ಸಡ್ಲ ಮಾಡಿದ್ಲು. ಎರಡು ಹಸರ ಕಣ್ಣು, ಮೀಸಿ. "ಇಕೀನ ಮಾರೆವ್ವ."

ಈಗ ಜಗಳ ಹತ್ತತೈತಿ ಅಂದ್ಕೊಂಡೆ. ಮಾರೆವ್ವ ಕುಸದು ಕುಂತು, ಹೊಟ್ಟಿ ಹಿಡ್ಕೊಂಡು ನಕ್ಕಳು. ಆಮ್ಯಾಲ ಕಣ್ಣೊರೆಸ್ಕೊಂಡು, "ಉಡಿಗೆ ತಂದದ್ದು ಹೊಳ್ಳಿ ಒಯ್ಯಬಾರದು. ಸೆರಗ ಹಿಡಿ" ಅಂದ್ಲು.

ಪಂಪಕ್ಕ ಹಿಂದ ಸರದ್ಲು. "ಬ್ಯಾಡವ್ವ, ನಾ ಗಂಡ ಸತ್ತಾಕಿ. ನನ್ನ ಉಡಿ ತುಂಬಬಾರದು."

"ನಿನಗ್ಯಾರು ತುಂಬತಾರ? ಮಗಳು ನಿನ್ನ ಸೆರಗಿನ್ಯಾಗ ಅದಾಳ, ಮಗಳಿಗೆ ತುಂಬತೇನಿ."

ಅಕ್ಕಿ, ಉತ್ತತ್ತಿ, ಖಣ ಒಂದೊಂದ ಬಿದ್ವು. ನೀಲವ್ವ ಸಿಟ್ಟಿಲೆ ಗುರ್ ಅಂದ್ಲು. ನನಗ ನಗಿನೂ ಬಂತು, ಕಣ್ಣಾಗ ನೀರೂ ಬಂದ್ವು. ಪಂಪಕ್ಕ ಮಾತ್ರ ನಗಲಿಲ್ಲ, ಅಳಲಿಲ್ಲ. ಎರಡೂ ಕೈಲೆ ಸೆರಗ ಗಟ್ಟಿ ಹಿಡ್ಕೊಂಡು, "ಇನ್ನೊಂದು ಹಿಡಿ ಹಾಕ, ಮಾರೆವ್ವ" ಅಂದ್ಲು.