ಯಲಗೂರಪ್ಪನ ಹತ್ತನೆಯ ಗ್ರಹ

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಜಾತಕ ನೋಡುವ ಯಲಗೂರಪ್ಪನಿಗೆ ಇತ್ತೀಚೆಗೆ ಒಂಬತ್ತು ಗ್ರಹ ಸಾಲುತ್ತಿರಲಿಲ್ಲ. ಶನಿ, ರಾಹು, ಕೇತು ಎಲ್ಲ ಮೊಬೈಲಿನಲ್ಲೇ ಪುಕ್ಕಟೆ ಸಿಗುವಾಗ ಅವನ ಮೆಟ್ಟಿಲು ಹತ್ತುವವರು ಯಾರು? ಬಂದವರೂ ಅರ್ಧ ಭವಿಷ್ಯವನ್ನು ತಾವೇ ಹೇಳಿ, ಉಳಿದರ್ಧಕ್ಕೆ ಚೌಕಾಶಿ ಮಾಡುತ್ತಿದ್ದರು.

ಆಗ ತನಗೇ ಗೊತ್ತಿಲ್ಲದೆ ಅಪ್ಪನ ಕೈಹಿಡಿದವಳು ಮಗಳು ಸಪ್ನಾ. ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂದು ಸಂಜೆ ಊಟಕ್ಕೆ ಕೂತು ಅವ್ವ ರುಕ್ಮವ್ವನಿಗೆ ಅಂದಿನ ಪಾಠ ಹೇಳುತ್ತಿದ್ದಳು. ಎಲ್ಲೋ ದೂರದ ನಕ್ಷತ್ರವೊಂದಕ್ಕೆ ನಮ್ಮ ಗುರುಗ್ರಹಕ್ಕಿಂತ ಭಾರವಾದ ಗ್ರಹವಿದೆಯಂತೆ. ಅದರ ದಾರಿ ದುಂಡಗಿಲ್ಲ, ಸೌತೆಕಾಯಿಯಂತೆ ಉದ್ದ. ಬಹುಕಾಲ ದೂರದಲ್ಲೇ ನಿಧಾನಕ್ಕೆ ಸಾಗಿ, ಆಮೇಲೆ ನಕ್ಷತ್ರದ ಹತ್ತಿರ ಧಾವಿಸಿ ಬಂದು, ಕಾದು ಕೆಂಡವಾಗಿ, ಮತ್ತೆ ದೂರ ಓಡುತ್ತದಂತೆ. ರುಕ್ಮವ್ವ "ಹೌದಾ?" ಎಂದು ಪಲ್ಯ ಬಡಿಸಿದಳು. ಯಲಗೂರಪ್ಪನ ಕೈಯಲ್ಲಿದ್ದ ರೊಟ್ಟಿ ಮಾತ್ರ ಬಾಯಿಗೆ ಹೋಗದೆ ನಿಂತಿತು.

ಮರುದಿನ ಟಿಕೋಟಾದ ಶಿವಾಜಿ ಬಂದ. ದೊಡ್ಡ ದ್ರಾಕ್ಷಿ ತೋಟದ ಧಣಿ. ಎಷ್ಟು ಓಡಾಡಿದರೂ ಅವನ ಮಗಳಿಗೆ ಕಂಕಣಬಲ ಕೂಡಿಬಂದಿರಲಿಲ್ಲ.

"ಇದು ಶನಿ ಕಾಟ ಅಲ್ರಿ," ಎಂದ ಯಲಗೂರಪ್ಪ. "ದೀರ್ಘಕ ಅಂತ ಹೊಸಾ ಗ್ರಹ. ವಿಜ್ಞಾನಿಗೋಳು ಈಗ ಕಂಡ್ ಹಿಡದಾರ. ದೂರ ಇದ್ದಾಗ ಸುಮ್ನಿರತಾನ, ಹತ್ರ ಬಂದಾಂದ್ರ ಸುಡತಾನ."

ದೀರ್ಘಕನ ಶಾಂತಿ ಮಾಡಿಸಿದ ತಿಂಗಳಲ್ಲೇ ಆ ಹುಡುಗಿಯ ಮದುವೆ ಗೊತ್ತಾಯಿತು. ಯಲಗೂರಪ್ಪನ ಹೆಸರು ಅಥಣಿ ರಸ್ತೆಯ ಹೊಸ ಬಡಾವಣೆಗಳವರೆಗೂ ಹಬ್ಬಿತು. ಉಳಿದ ಜ್ಯೋತಿಷಿಗಳೇನು ಕೈಕಟ್ಟಿ ಕೂತರೇ? ಅವರ ಕುಂಡಲಿಗಳಲ್ಲೂ ದೀರ್ಘಕನಿಗೊಂದು ಮನೆ ಸಿಕ್ಕಿತು.

ಸಪ್ನಾ ಸಿಡಿಮಿಡಿಗೊಂಡಳು. "ಅಪ್ಪಾ, ಅದು ಬ್ಯಾರೆ ಚುಕ್ಕಿ ಸುತ್ತ ತಿರಗೂ ಗ್ರಹ. ಟಿಕೋಟಾ ಎಲ್ಲೈತಿ ಅಂತ ಅದಕ್ಕ ಗೊತ್ತ ಇಲ್ಲ."

"ಗೊತ್ತಿಲ್ಲಂದ್ರ ಛಲೋನ ಆತಲ್ಲ ಯವ್ವಾ, ಕೇಳಾಕ ಬರೂದಿಲ್ಲ."

ಶಿವಾಜಿಯ ಮಗ ಪ್ರತಾಪ ಸಪ್ನಾಳ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದ. ಇಬ್ಬರೂ ಮೆಚ್ಚಿಕೊಂಡಿದ್ದರು, ಹಿರಿಯರೂ ಒಪ್ಪಿದರು. ಆದರೆ ಹೆಣ್ಣಿನ ತಂದೆಯೇ ಜಾತಕ ನೋಡಿದರೆ ಹೇಗೆ ಎಂದು ಶಿವಾಜಿ ಅದನ್ನು ಇನ್ನೊಬ್ಬ ಜ್ಯೋತಿಷಿಗೆ ತೋರಿಸಿದ. ಆತ ಕನ್ನಡಕ ಏರಿಸಿ, "ಹುಡುಗಿಗೆ ಏಳನೇ ಮನ್ಯಾಗ ದೀರ್ಘಕ ಕುಂತಾನ್ರಿ," ಎಂದ. ಸಂಬಂಧ ಮುರಿದುಬಿತ್ತು. ಗಣಿತದ ಮಾಸ್ತರ ಪ್ರತಾಪ, ಅಪ್ಪನ ಮಾತು ಮೀರಲಾರೆನೆಂದು ಫೋನಿನಲ್ಲೇ ಅತ್ತ.

ಸಪ್ನಾ ಎಂದಿನಂತೆ ಅಪ್ಪನಿಗೆ ರೊಟ್ಟಿ ಬಡಿಸಿ ಶಾಲೆಗೆ ಹೊರಟಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಮುಖ ಬಾಡಿತ್ತು. ಮಗಳಿಗಿಂತ ಹೆಚ್ಚಿನದೇನೂ ಯಲಗೂರಪ್ಪನಿಗಿರಲಿಲ್ಲ. ಹೆಸರು ಮಣ್ಣುಪಾಲಾದರೂ ಸರಿ ಎಂದು ಟಿಕೋಟಾದ ಬಸ್ಸು ಹತ್ತಿದ.

ಒಣದ್ರಾಕ್ಷಿಯ ಶೆಡ್ಡಿನಲ್ಲಿ ಶಿವಾಜಿಯ ಎರಡೂ ಕೈ ಹಿಡಿದುಕೊಂಡ. "ಅಂಥಾ ಗ್ರಹ ಆಕಾಶದಾಗ ಐತಿ, ಖರೆ. ಆದ್ರ ನಮಗೂ ಅದಕ್ಕೂ ಏನೂ ಸಂಬಂಧ ಇಲ್ರಿ. ದೀರ್ಘಕ ಅನ್ನೂದು ನಾನ ಕಟ್ಟಿದ ಕತಿ. ಹೊಟ್ಟಿಪಾಡಿಗೆ ಸುಳ್ಳು ಹೇಳೀನಿ. ದೇವರಾಣಿ."

ಶಿವಾಜಿಗೆ ಸಿಟ್ಟು ಬರಲಿಲ್ಲ. ಕುರ್ಚಿ ತರಿಸಿ ಕೂಡಿಸಿದ, ಚಹಾ ಹೇಳಿದ, ಆಮೇಲೆ ಕಣ್ಣೊರೆಸಿಕೊಂಡು ಯಲಗೂರಪ್ಪನ ಹೆಗಲ ಮೇಲೆ ಕೈಯಿಟ್ಟ.

"ನಿಮ್ಮ ಸಂಕಟ ತಿಳಿತೈತ್ರಿ. ನಾನೂ ಹೆಣ್ಣು ಹಡದಾಂವ. ಆದ್ರ ನಿಮ್ಮಂಥಾ ಬಲ್ಲವ್ರು ಮಗಳ ಸಲುವಾಗಿ ಹಿಂಗ ಸುಳ್ಳು ಹೇಳಬಾರದ್ರಿ."