ಪಿಯಾನೋ ಪಟ್ಟಿಯ ಆರು, ಒಂಬತ್ತು

ಆ ಮಿಸ್ತ್ರಿಯ ಮುಖ ಕಪ್ಪಿಟ್ಟದ್ದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ವಯಸ್ಸಾದ ಹೆಂಗಸು ಹೀಗೆಲ್ಲ ಹೇಳಬಾರದಂತೆ. ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಶೆಟ್ಟಿಹಳ್ಳಿಯಿಂದ ಯಶವಂತಪುರಕ್ಕೆ ಬಂದು, ಹಳೇ ಪಿಯಾನೋ ರಿಪೇರಿ ಮಾಡುವ ಶೆಡ್ಡೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಪಿಯಾನೋದೊಳಗೆ ಉದ್ದನೆಯ ಮರದ ಪಟ್ಟಿಯೊಂದಿರುತ್ತದೆ. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳನ್ನೆಲ್ಲ ಅದಕ್ಕೇ ಸಾಲಾಗಿ ತಿರುಪು ಹಾಕಿ ಕೂರಿಸಿರುತ್ತಾರೆ. ಸುತ್ತಿಗೆ ಬಿಚ್ಚಿ, ನಂಬರ್ ಬರೆದು, ಪಟ್ಟಿಯ ಹಳೇ ಅಂಟು ಕೆರೆದು, ಸಡಿಲಾದ ತೂತಿಗೆ ಗಟ್ಟಿ ಮರದ ಕಡ್ಡಿ ಬಡಿದು, ಒಣಬಟ್ಟೆಯಲ್ಲಿ ಒರೆಸುವುದು ನನ್ನ ಕೆಲಸ. ನೀರು ಮಾತ್ರ ಸೋಕಿಸುವಂತಿಲ್ಲ, ಮರ ಉಬ್ಬುತ್ತದೆ.

ಶೆಡ್ಡಿನ ಹಿರಿಯ ಕೆಲಸಗಾರ ಈ ಮಿಸ್ತ್ರಿ. ಅವನಿಗೆ ಒಂದು ದಿನ ಏನು ಅವಸರವೋ, ಅಂಟು ಬೇಗ ಬಿಡಲೆಂದು ಪಟ್ಟಿಗೆ ಬಿಸಿನೀರು ಹಾಕಿ ತಿಕ್ಕಿದ. ಪಟ್ಟಿ ಸೊಟ್ಟಗಾಯಿತು. ಶೆಡ್ಡಿನ ಯಜಮಾನರಾದ ಸಾಬ್ರು ಬಂದು ಕೇಳಿದಾಗ ನನ್ನತ್ತ ಕೈ ತೋರಿಸಿ, "ಹೆಂಗಸ್ರಿಗೆ ತೊಳೆಯೋ ಚಟ ಸಾಬ್ರೇ" ಅಂದ. ಸಾಬ್ರು ಮಾತು ಕಡಿಮೆಯ ಮುದುಕರು. ಇಪ್ಪತ್ತು ವರ್ಷದಿಂದಿದ್ದ ಮಿಸ್ತ್ರಿಯನ್ನು ಬಿಟ್ಟು ಎರಡು ವರ್ಷದ ಹಿಂದೆ ಬಂದ ನನ್ನನ್ನೇಕೆ ನಂಬಿಯಾರು? ನನ್ನನ್ನು ಬೆಂಚಿನಿಂದ ಎಬ್ಬಿಸಿ, ಮೂಲೆಯಲ್ಲಿ ಪಿಯಾನೋ ಕಾಲಿಗೆ ಉಪ್ಪುಕಾಗದ ಉಜ್ಜಲು ಕೂರಿಸಿದರು. ಕಷ್ಟಪಟ್ಟು ಕಲಿತ ಕೆಲಸ ಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಾಗಲೇ ನಾನು ಇನ್ನೊಂದು ಪಿಯಾನೋದ ಎಡಭಾಗದ ಇಪ್ಪತ್ತೈದು ಸುತ್ತಿಗೆ ಬಿಚ್ಚಿ, ಅವುಗಳ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ನಂಬರ್ ಬರೆದಿಟ್ಟಿದ್ದೆ. ನಾನು ಕನ್ನಡ ಶಾಲೆಯವಳು, ಬರೆದದ್ದೂ ಕನ್ನಡದ ಅಂಕಿ. ಅವು ಬುಟ್ಟಿಯಲ್ಲಿ ಕಲಸಿಹೋಗಿದ್ದವು. ಮಿಸ್ತ್ರಿಗೆ ಕನ್ನಡದ ಅಂಕಿ ಅರೆಬರೆ, ಆದರೂ ನನ್ನನ್ನು ಕೇಳಲಿಲ್ಲ. "ಬಸ್ ಬೋರ್ಡ್ ಓದಲ್ವಾ ನಾನು" ಅಂದುಕೊಂಡು ಜೋಡಿಸತೊಡಗಿದ. ೬ ಬರೆದದ್ದನ್ನು ಒಂಬತ್ತರ ಜಾಗಕ್ಕೆ ಕೂರಿಸಿದ. ೯ ಬರೆದದ್ದನ್ನು ಆರರ ಜಾಗಕ್ಕೆ. ಹದಿನಾರು, ಹತ್ತೊಂಬತ್ತಕ್ಕೂ ಅದೇ ಗತಿ. ಆ ಭಾಗದ ಸುತ್ತಿಗೆಗಳ ತಲೆ ಓರೆ, ಒಂದರ ಓರೆ ಇನ್ನೊಂದಕ್ಕಿಲ್ಲ; ಜಾಗ ತಪ್ಪಿದರೆ ತನ್ನ ತಂತಿಗೆ ಸರಿಯಾಗಿ ಬಡಿಯುವುದಿಲ್ಲ. ಎದ್ದು ಒಂದು ಮಾತು ಹೇಳಬಹುದಿತ್ತು. ನಾಲ್ಕೂ ತಿರುಪು ಬಿಗಿಯಾಗುವವರೆಗೆ ಪಿಯಾನೋ ಕಾಲು ಉಜ್ಜುತ್ತಾ ಕೂತೆ.

ಪಿಯಾನೋದ ಒಡತಿ, ಹೆಬ್ಬಾಳದ ಟೀಚರಮ್ಮ, ಬಂದು ಬಾರಿಸಿದರು. ಸುತ್ತಿಗೆ ಪಕ್ಕದ ತಂತಿಗೂ ತಗುಲಿ ಅಪಸ್ವರ ಹೊರಟಿತು. ಸಾಬ್ರು ಒಂದು ಸುತ್ತಿಗೆ ಬಿಚ್ಚಿ ತಿರುಗಿಸಿ, ಇದೆಷ್ಟು ಎಂದು ಮಿಸ್ತ್ರಿಯನ್ನು ಕೇಳಿದರು. ಒಂಬತ್ತು ಅಂದ. ಮೂಲೆಯಿಂದಲೇ ನಾನು ಆರು ಅಂದೆ. ಟೀಚರಮ್ಮ ಬಗ್ಗಿ ನೋಡಿ, ಹೌದು, ಆರೇ ಎಂದರು. ನಾನು ಅಲ್ಲಿಗೇ ಬಿಡಲಿಲ್ಲ. ಬಿಸಿನೀರು ಹಾಕಿದ್ದು ಯಾರು ಅಂತಲೂ ಅವನನ್ನೇ ಕೇಳಿ ಸಾಬ್ರೇ, ಅಂದೆ. ಅವನು ಮುಖ ಕಪ್ಪಿಟ್ಟು, ಅವಸರಕ್ಕೆ ನಾನೇ ಹಾಕಿದೆ ಅಂದ.

ಟೀಚರಮ್ಮ ಹೋದ ಮೇಲೆ ಸಾಬ್ರು ನನ್ನ ಹತ್ತಿರ ಬಂದರು.

"ಅವ್ನು ತಪ್ಪು ಜೋಡಿಸೋದು ನೀನು ನೋಡ್ದೆ ಅಲ್ವಾ?"

"ನೋಡ್ದೆ."

ಮರುದಿನ ಬೆಂಚು ನನಗೆ ವಾಪಸ್ಸು ಬಂತು. ಅಲ್ಲಿಂದಾಚೆ ನಾನು ಜೋಡಿಸಿದ ಒಂದೊಂದು ಸುತ್ತಿಗೆಯನ್ನೂ ಸಾಬ್ರು ತಾವೇ ತಿರುಗಿಸಿ ನೋಡಿ ಹೋಗುತ್ತಿದ್ದರು.