ಮೀಟರ್ ಮಾವನ ಪೇಟೆ ಸುತ್ತು

ಹೊಸ ಮಾಲ್‌ನ ಎರಡನೇ ಮಹಡಿಯಲ್ಲಿ ಮೀಟರ್ ಮಾವ ಗೊಂಬೆಯೊಂದು ತೊಟ್ಟಿದ್ದ ಕೋಟಿನ ಅಂಚು ಹಿಡಿದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು, ಒಳಮಗ್ಗುಲು ತಿರುವಿ, "ಹೊಲಿಗೆ ಪರವಾಗಿಲ್ಲ. ಬಟ್ಟೆ ಮಾತ್ರ ಒಂದೇ ಒಗೆತಕ್ಕೆ ಗೋತಾ" ಎಂದು ತೀರ್ಪು ಕೊಟ್ಟರು.

"ಏನ್ರೀ ಇದು!" ಎಂದು ಗೊಂಬೆ ಗಕ್ಕನೆ ತಿರುಗಿತು.

ಪಾಪ, ಹೆಂಡತಿಗಾಗಿ ಕಾದು ಕಾದು ಗೊಂಬೆಗಳ ಸಾಲಿನಲ್ಲೇ ಮರಗಟ್ಟಿ ನಿಂತಿದ್ದ ಮನುಷ್ಯ. ಕೋಟಿನ ವಿಷಯ ಕೋರ್ಟಿಗೆ ಹೋಗದಿರಲೆಂದು ಸೊಸೆ ಹಲ್ಲು ಗಿಂಜಿ ಕ್ಷಮೆ ಕೇಳಿ, ಮಾವನನ್ನು ಮನೆಗೆ ಎಳೆದು ತಂದಳು.

"ಸಾಕು ಮಾವ. ಇನ್ಮೇಲೆ ಪೇಟೆ ಗೀಟೆ ಏನೂ ಬೇಡ. ವಾರವಾರ ಹಳೇ ಪೇಟೆಗೆ ಒಬ್ರೇ ಹೋಗ್ತೀರಲ್ಲ, ಅಲ್ಲಿ ಇನ್ಯಾರ ಅಂಗಿ ಬಿಚ್ಚಿಸ್ತೀರೋ!"

ಮಾವನ ಮುಖ ಒಗೆದ ಕಾಟನ್‌ನಂತೆ ಕುಗ್ಗಿತು. "ಮಾಲ್‌ಗೆ ಕರ್ಕೊಂಡು ಹೋಗಿದ್ದು ನೀನೇ ಅಲ್ವೇನಮ್ಮ? ನನ್ನ ಪೇಟೆಗೂ ಒಂದ್ಸಲ ಬಾ. ಆಮೇಲೂ ಬೇಡ ಅಂದ್ರೆ ಬೇಡ."

ಹಳೇ ಪೇಟೆಯ ಬಟ್ಟೆ ಅಂಗಡಿಯಲ್ಲಿ ಮೀಟರ್ ಕೋಲು ಹಿಡಿದು ಮಾವ ತಮ್ಮ ಆಯುಷ್ಯವನ್ನೇ ಅಳೆದಿದ್ದರು. ಅಂಗಡಿ ಮುಚ್ಚಿ ಬಹುಕಾಲವಾಗಿದ್ದರೂ ಬೆರಳುಗಳಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಮನೆಗೆ ಬಂದ ನೆಂಟರಿಗೆ ಕೈಕುಲುಕುವ ನೆಪದಲ್ಲಿ ತೋಳಿನ ಬಟ್ಟೆಯನ್ನೂ ಒಮ್ಮೆ ಸವರಿಬಿಡುತ್ತಿದ್ದರು.

ಮರುವಾರ ಇಬ್ಬರೂ ಹೊರಟರು. ಬೀಗದವರ ಬೀದಿ, ಪಾತ್ರೆಯವರ ಠಣಠಣ ದಾಟಿ, ಕಾಗದದ ಅಂಗಡಿಗಳ ಅಂಟಿನ ವಾಸನೆ ಹಾದು ಬಟ್ಟೆ ಗಲ್ಲಿಗೆ ತಿರುಗಿದರು. ಮಾವ ದುಡಿದ ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಕವರುಗಳು ನೇತಾಡುತ್ತಿದ್ದವು.

"ನಿಮ್ಮತ್ತೇನ ಮೊದಲು ನೋಡಿದ್ದು ಇಲ್ಲೇ. ಪರದೆ ಬಟ್ಟೆ ಕೇಳಿದ್ಲು. ಮುಖ ನೋಡ್ತಾ ನೋಡ್ತಾ ಅರ್ಧ ಮೀಟರ್ ಜಾಸ್ತಿ ಕತ್ತರಿಸ್ಬಿಟ್ಟೆ."

"ಧಣಿ ಬೈದ್ರಾ?"

"ಅವರು ಒಂದು ದಿನ ಬೈದ್ರು. ನಿಮ್ಮತ್ತೆ ಕೊನೇತನಕ ಬೈದ್ಲು."

ಎದುರಿನ ಅಂಗಡಿಯಿಂದ ದಪ್ಪ ದನಿ ಬಂತು: "ಓಹೋ, ಮೀಟ್ರು ಬಂದ್ರು! ಬನ್ನಿ, ಕೂತ್ಕೊಳ್ಳಿ!" ಗುಂಡಿ-ದಾರದ ಅಂಗಡಿಯ ಯಜಮಾನ ಸ್ಟೂಲಿನ ಮೇಲಿನ ಡಬ್ಬಿಗಳನ್ನು ಸರಿಸಿ, ತನ್ನ ತೋಳನ್ನು ತಾನೇ ಮುಂದೆ ಚಾಚಿದ. "ಮಗ ತಂದ ಅಂಗಿ. ಹೇಗಿದೆ ಹೇಳಿ."

ಮಾವ ಕುಳಿತು, ಅದೇ ಎರಡು ಬೆರಳುಗಳಿಂದ ಹೊಸೆದರು. "ಮಗನ್ನ ಬೈಬೇಡಿ. ಅಂಗಡಿಯವನನ್ನ ಬೈಯಿರಿ."

ಗಲ್ಲಿಯಲ್ಲಿ ನಗು ಎದ್ದಿತು. ಪಕ್ಕದ ಟೋಪಿ ಅಂಗಡಿಯವರು "ನಮ್ಮಲ್ಲೂ ಕೂತು ಹೋಗಿ" ಎಂದರು. ಅದರಾಚೆಯವರೂ ಕುರ್ಚಿ ಎಳೆದರು. ಮಾಲ್‌ನಲ್ಲಿ ಅವಮಾನವಾಗಿದ್ದ ಬೆರಳುಗಳಿಗೆ ಇಲ್ಲಿ ಉಪಚಾರವೋ ಉಪಚಾರ! ಸೊಸೆಯ ಕಣ್ಣಂಚು ಒದ್ದೆಯಾಯಿತು.

ಬಸ್ಸಿನಲ್ಲಿ ಅವಳು ಹೇಳಿದಳು, "ವಾರವಾರ ಹೋಗಿ ಬನ್ನಿ ಮಾವ. ನಾನು ಬೇಡ ಅನ್ನಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ಅಲ್ಲಿ ಕೂತಾಗೆಲ್ಲ ಅತ್ತೆ ನೆನಪಾಗ್ತಾರೆ, ಅದಕ್ಕೇ ಹೋಗೋದು, ಅಲ್ವಾ?"

ಮಾವ ಕಿಟಕಿಯಾಚೆ ನೋಡುತ್ತ ಯೋಚಿಸಿದರು.

"ಅವಳು ಮನೇಲೂ ನೆನಪಾಗ್ತಾಳಮ್ಮ. ಆದ್ರೆ ಪೇಟೇಲಿ ಎಲ್ಲಿ ಕೂತ್ರೂ ಯಾರೂ 'ಕಾಲೆತ್ತಿ ಮಾವ, ಗುಡಿಸ್ಬೇಕು' ಅನ್ನಲ್ಲ."